ಹಬ್ಬಕ್ಕೆ ಸೇಲ್ ಬೇಡ, ಜನ ಬೇಕು: ಗಣೇಶನಿಂದ ದೀಪಾವಳಿವರೆಗೆ ಏನೇನು ಮಾಡಬಹುದು

ಹಬ್ಬ ಹತ್ತಿರ ಬಂತು ಅಂತ ಈಗ ನಮಗೆ ಮೊದಲು ಹೇಳುವುದು ಫೋನು. ಗೌರಿ ಹಬ್ಬಕ್ಕೆ ಇನ್ನೂ ಹದಿನೈದು ದಿನ ಇರುವಾಗಲೇ ಶುರುವಾಗುತ್ತದೆ. ಟಿವಿ ಬದಲಾಯಿಸಿ, ಫ್ರಿಜ್ ಬದಲಾಯಿಸಿ, ಆಫರ್ ಇವತ್ತು ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ. ದೀಪಾವಳಿ ಕಳೆಯುವವರೆಗೂ ಇದು ನಿಲ್ಲುವುದಿಲ್ಲ. ಈ ಎರಡು ತಿಂಗಳಲ್ಲಿ ನಾವು ಯಾರ ಮನೆಗೆ ಹೋದೆವು, ನಮ್ಮ ಮನೆಗೆ ಯಾರು ಬಂದರು ಅಂತ ಕೇಳಿದರೆ ಬಹಳ ಮನೆಗಳಲ್ಲಿ ಉತ್ತರ ಹೇಳುವುದು ಕಷ್ಟ. ಡೆಲಿವರಿ ಎಷ್ಟು ಬಂದವು ಅಂದರೆ ಆಪ್ ತೆಗೆದು ತೋರಿಸಬಹುದು.

ಇದು ತಾನಾಗಿ ಆದದ್ದಲ್ಲ. 2007ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಪುಸ್ತಕ ಮಾರುತ್ತಾ ಶುರುವಾದ ಫ್ಲಿಪ್‌ಕಾರ್ಟ್, 2014ರ ಅಕ್ಟೋಬರ್ 6ರಂದು ಬಿಗ್ ಬಿಲಿಯನ್ ಡೇ ಅಂತ ಒಂದು ದಿನದ ಸೇಲ್ ಇಟ್ಟಿತು. ವಿಜಯದಶಮಿ ಕಳೆದು ಆಗಿನ್ನೂ ಎರಡು ಮೂರು ದಿನ, ದೀಪಾವಳಿಗೆ ಎರಡು ವಾರ ಚಿಲ್ಲರೆ. ಮುಂದಿನ ವರ್ಷ ಆ ಒಂದು ದಿನ ಹಲವು ದಿನ ಆಯಿತು, ಬೇರೆ ಕಂಪನಿಗಳೂ ಅದೇ ಹೊತ್ತಿಗೆ ತಮ್ಮ ತಮ್ಮ ಸೇಲ್ ಇಟ್ಟವು. ಈಗ ಶಾಲೆಗೆ ಹೋಗುವ ಪುಟ್ಟ ಮಕ್ಕಳಿಗೆ ಸೇಲ್ ಇಲ್ಲದ ದಸರಾ ಗೊತ್ತೇ ಇಲ್ಲ.

ಕೊಳ್ಳಬೇಡಿ ಅಂತ ಹೇಳುವ ಲೇಖನಗಳು ಬೇಕಾದಷ್ಟಿವೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸುಮ್ನೆ ಖರ್ಚು ನಿಲ್ಲಿಸಿದರೆ ದುಡ್ಡು ಉಳಿಯುತ್ತದೆ, ಆದರೆ ಅಷ್ಟಕ್ಕೇ ಮನೆಗೆ ಜನ ಬರುವುದಿಲ್ಲ. ನಾವು ಎಷ್ಟೋ ಸಲ ಕೊಳ್ಳುವುದೇ ಇನ್ನೊಬ್ಬರನ್ನು ಕೇಳುವುದು ತಪ್ಪಲಿ ಅಂತ. ಹೆಪ್ಪಿಗೆ ಮೊಸರಿಲ್ಲ ಅಂದರೆ ಮೊದಲು ಪಕ್ಕದ ಮನೆಗೆ ಲೋಟ ಹಿಡಿದು ಹೋಗುತ್ತಿದ್ದೆವು, ಬಾಗಿಲಲ್ಲಿ ನಿಂತು ಹತ್ತು ನಿಮಿಷ ಮಾತಾಡಿ, ಅವರ ಮನೆಯ ಸುದ್ದಿ ಕೇಳಿ, ನಮ್ಮದು ಹೇಳಿ ಬರುತ್ತಿದ್ದೆವು. ಈಗ ಅದೇ ಹತ್ತು ನಿಮಿಷದಲ್ಲಿ ಮೊಸರಿನ ಡಬ್ಬಿಯೇ ಬಾಗಿಲಿಗೆ ಬರುತ್ತದೆ. ಕೇಳುವ ಅಗತ್ಯ ಹೋಯಿತು, ಅದರ ಜೊತೆ ಪರಿಚಯವೂ ಹೋಯಿತು. ಹಾಗಾಗಿ ಕೆಳಗೆ ಹೇಳಿರುವ ಕೆಲಸಗಳಲ್ಲಿ ಖರೀದಿ ಬಿಡುವುದು ಅರ್ಧ ಮಾತ್ರ. ಆ ಜಾಗಕ್ಕೆ ಒಬ್ಬರನ್ನು ಕರೆದುಕೊಂಡು ಬರುವುದು ಉಳಿದರ್ಧ.

ಮೊದಲು ಫೋನಿನ ಬಾಯಿ ಮುಚ್ಚಿಸಿ

ಇದು ಅರ್ಧ ಗಂಟೆ ಕೆಲಸ. ಹಬ್ಬಕ್ಕೆ ಮೂರು ವಾರ ಇರುವಾಗಲೇ ಮಾಡಿಬಿಡಿ.

ಶಾಪಿಂಗ್ ಆಪ್‌ಗಳ ನೋಟಿಫಿಕೇಶನ್ ಆಫ್ ಮಾಡಿ. ಸಾಧ್ಯವಾದರೆ ಆಪನ್ನೇ ತೆಗೆದುಬಿಡಿ, ನಿಜವಾಗಿ ಬೇಕಾದಾಗ ಬ್ರೌಸರ್‌ನಲ್ಲಿ ತೆರೆದರೆ ಸಾಕು. ಸೇವ್ ಆಗಿರುವ ಕಾರ್ಡ್ ವಿವರ ಅಳಿಸಿ. ಪ್ರತಿ ಸಲ ನಂಬರ್ ಟೈಪ್ ಮಾಡಬೇಕಾದಾಗ ಕೈ ಒಂದು ಕ್ಷಣ ನಿಲ್ಲುತ್ತದೆ, ಆ ಒಂದು ಕ್ಷಣ ಸಿಗಬಾರದು ಅಂತಲೇ ಅವರು ಕಾರ್ಡ್ ಸೇವ್ ಮಾಡಿಸುವುದು. ಜಾಹೀರಾತಿನ ಕರೆ, ಮೆಸೇಜ್ ಜಾಸ್ತಿ ಬರುತ್ತಿದ್ದರೆ 1909ಕ್ಕೆ ಸ್ಟಾರ್ಟ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು 0 ಹಾಕಿ ಎಸ್‌ಎಂಎಸ್ ಕಳಿಸಿ.

'ಇನ್ನು ಎರಡೇ ಪೀಸ್ ಉಳಿದಿದೆ' ಅಂತ ಸುಳ್ಳು ಅವಸರ ಹುಟ್ಟಿಸುವುದು, ನೀವು ಕೇಳದ ವಿಮೆಯನ್ನೋ ದಾನವನ್ನೋ ಬಿಲ್ಲಿಗೆ ಸೇರಿಸುವುದು, ಬೇಡ ಅಂದರೆ ನಾಚಿಕೆ ಆಗುವ ಹಾಗೆ ಬರೆಯುವುದು, ಕೊನೆಯ ಪುಟದಲ್ಲಿ ಹೊಸ ಶುಲ್ಕ ತೋರಿಸುವುದು, ಇವೆಲ್ಲ ಜಾಣತನ ಅಲ್ಲ. ಕಾನೂನಿಗೆ ವಿರುದ್ಧ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ನೋ ಕಾಸ್ಟ್ ಇಎಂಐ ಬಗ್ಗೆಯೂ ಒಂದು ಮಾತು. ಅದರಲ್ಲಿ ಬಡ್ಡಿ ಇದ್ದೇ ಇರುತ್ತದೆ, ಅಷ್ಟು ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿ ಅಂತ ಕಳೆದು ತೋರಿಸುತ್ತಾರೆ. ಕ್ರೆಡಿಟ್ ಕಾರ್ಡ್ ಆದರೆ ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ ನಿಮ್ಮ ಬಿಲ್ಲಿಗೇ ಬರುತ್ತದೆ. ಎಷ್ಟೋ ಬ್ಯಾಂಕುಗಳು ಪ್ರೊಸೆಸಿಂಗ್ ಶುಲ್ಕವನ್ನೂ ಸೇರಿಸುತ್ತವೆ.

ಇಷ್ಟಾದ ಮೇಲೆ ಫ್ರಿಜ್ ಮೇಲೆ ಒಂದು ಕಾಗದ ಅಂಟಿಸಿ. ಮನೆಯಲ್ಲಿ ಯಾರಿಗೆ ಏನು ಬೇಕು ಅನ್ನಿಸಿದರೂ ಅಲ್ಲಿ ಬರೆಯಲಿ. ಪಕ್ಕದಲ್ಲಿ ಇನ್ನೊಂದು ಸಾಲು ಬಿಡಿ: 'ಇದು ಯಾರ ಹತ್ತಿರ ಇದೆ?' ಒಂದು ವಾರ ಕಳೆದ ಮೇಲೆ ಎಲ್ಲರೂ ಕೂತು ಆ ಕಾಗದ ನೋಡಿ. ಮುಂದಿನ ಕೆಲಸ ಈ ಎರಡನೇ ಸಾಲಿನಿಂದ ಶುರು.

ಕೇಳಿ ತರುವುದು

ಹಬ್ಬದ ಅಡುಗೆಗೆ ಬೇಕಾಗುವ ಅರ್ಧ ಸಾಮಾನು ವರ್ಷಕ್ಕೆ ಒಂದೆರಡು ಸಲ ಮಾತ್ರ ಕೆಲಸಕ್ಕೆ ಬರುತ್ತದೆ. ಚಕ್ಕುಲಿ ಒರಳು, ಹೋಳಿಗೆ ಹಂಚು, ಹದಿನೈದು ಜನಕ್ಕೆ ಆಗುವ ದೊಡ್ಡ ಪಾತ್ರೆ, ಸೀರಿಯಲ್ ಸೆಟ್ ಕಟ್ಟಲು ಏಣಿ, ಗೋಡೆಗೆ ಮೊಳೆ ಹೊಡೆಯಲು ಡ್ರಿಲ್. ಒಂದೇ ಕಟ್ಟಡದಲ್ಲಿ ಇಪ್ಪತ್ತು ಮನೆ ಇದ್ದರೆ ಇಪ್ಪತ್ತು ಡ್ರಿಲ್ ಯಾಕೆ ಬೇಕು ಹೇಳಿ.

ಕೇಳುವುದಕ್ಕೂ ಒಂದು ರೀತಿ ಇದೆ. ವಾಟ್ಸಾಪ್ ಗುಂಪಿನಲ್ಲಿ 'ಯಾರ ಹತ್ತಿರವಾದರೂ ಇದೆಯಾ' ಅಂತ ಹಾಕಬೇಡಿ, ನೂರು ಜನ ನೋಡಿ ನೂರು ಜನವೂ ಸುಮ್ಮನಾಗುತ್ತಾರೆ. ಒಬ್ಬರ ಮನೆಗೆ ಹೋಗಿ, ಬೆಲ್ ಮಾಡಿ, ನೇರವಾಗಿ ಕೇಳಿ: "ಆಂಟಿ, ಶನಿವಾರ ಚಕ್ಕುಲಿ ಮಾಡಬೇಕು ಅಂತಿದ್ದೀವಿ, ನಿಮ್ಮ ಒರಳು ಸಂಜೆವರೆಗೆ ಕೊಡ್ತೀರಾ? ಹಿಟ್ಟಿನ ಹದ ನಂಗೆ ಸರಿಯಾಗಿ ಗೊತ್ತಾಗಲ್ಲ, ಒಂದು ಸಲ ನೋಡಿ ಹೇಳ್ತೀರಾ?" ಯಾವಾಗ ವಾಪಸ್ ಕೊಡುತ್ತೀರಿ ಅನ್ನುವುದನ್ನೂ ಆಗಲೇ ಹೇಳಿ. ನೋಡಿ, ಎರಡನೇ ಪ್ರಶ್ನೆ ಒರಳಿಗಿಂತ ದೊಡ್ಡದು. ಸಾಮಾನು ಕೊಟ್ಟವರು ಬಾಗಿಲು ಹಾಕಿಕೊಳ್ಳಬಹುದು, ಹದ ಹೇಳುವವರು ಅಡುಗೆಮನೆಗೇ ಬರುತ್ತಾರೆ.

ವಾಪಸ್ ಕೊಡುವಾಗ ತೊಳೆದು, ಒರೆಸಿ, ಹೇಳಿದ ದಿನಕ್ಕೇ ಕೊಡಿ. ಖಾಲಿ ಪಾತ್ರೆ ಕೊಡಬೇಡಿ, ನಾಲ್ಕು ಚಕ್ಕುಲಿಯಾದರೂ ಇರಲಿ. ಮುರಿದರೆ ಅವರಿಗೆ ಗೊತ್ತಾಗುವ ಮೊದಲು ನೀವೇ ಹೇಳಿ, ಸರಿ ಮಾಡಿಸಿ ಕೊಡಿ. ಮುಂದಿನ ಸಲ ಅವರು ಏನಾದರೂ ಕೇಳಲು ಬಂದಾಗ ಸಂತೋಷದಿಂದ ಕೊಡಿ. ಎಷ್ಟೋ ಜನ ಕೊಡುವುದಕ್ಕೆ ಸದಾ ತಯಾರಿರುತ್ತಾರೆ, ಆದರೆ ಸತ್ತರೂ ಇನ್ನೊಬ್ಬರನ್ನು ಏನೂ ಕೇಳುವುದಿಲ್ಲ. ಅದನ್ನು ನಾವು ಒಳ್ಳೆಯತನ ಅಂದುಕೊಂಡಿದ್ದೇವೆ. ಯಾವತ್ತೂ ಏನೂ ಕೇಳದವರ ಮನೆಗೆ ಹೋಗಿ ಕೇಳುವುದಕ್ಕೆ ಬೇರೆಯವರಿಗೂ ಧೈರ್ಯ ಬರುವುದಿಲ್ಲ, ಅಲ್ವಾ?

ಸ್ಪಾನ್ಸರ್ ಇಲ್ಲದ ಗಣೇಶ

ಅಪಾರ್ಟ್‌ಮೆಂಟ್‌ನಲ್ಲೋ ಬಡಾವಣೆಯಲ್ಲೋ ಇರುವವರು ಇದನ್ನು ದಯವಿಟ್ಟು ಪೂರ್ತಿ ಓದಿ, ಏಕೆಂದರೆ ಇಲ್ಲಿ ಮಾಡಬಹುದಾದದ್ದು ಬಹಳ ಇದೆ.

ಈಗ ಬಹಳ ಕಡೆ ಗಣೇಶನ ಮಂಟಪಕ್ಕೆ ಹೋದರೆ ಮೊದಲು ಕಾಣುವುದು ಕಾರ್ ಶೋರೂಮ್‌ನವರ ಸ್ಟಾಲ್. ಆಮೇಲೆ ಬ್ಯಾಂಕಿನವರ ಮೇಜು, ಸೈಟ್ ಮಾರುವವರ ಬ್ಯಾನರ್, ಹಲ್ಲಿನ ಕ್ಲಿನಿಕ್‌ನ ಕೂಪನ್. ಗಣಪತಿ ಅವುಗಳ ಹಿಂದೆ. ಮಕ್ಕಳ ಹಾಡಿನ ಸ್ಪರ್ಧೆಗೆ ಬಹುಮಾನ ಕೊಡುವಾಗಲೂ ಹಿಂದೆ ಒಂದು ಲೋಗೋ ಇರುತ್ತದೆ, ಆ ಫೋಟೋ ಮನೆಯ ಆಲ್ಬಮ್ಮಿನಲ್ಲಿ ಹಾಗೇ ಉಳಿಯುತ್ತದೆ. ನಮ್ಮ ಹಬ್ಬಕ್ಕೆ ನಮ್ಮ ಮಕ್ಕಳನ್ನು ತೋರಿಸಿ ದುಡ್ಡು ತಗೊಳ್ಳುವುದು ನನಗೆ ನಿಜವಾಗಿ ನೋವಿನ ವಿಷಯ.

ಸರಿ ಮಾಡುವುದು ಹೇಗೆ? ಒಂದು ತಿಂಗಳು ಮೊದಲು ಸಭೆ ಸೇರಿಸಿ. ಹೋದ ವರ್ಷದ ಖರ್ಚಿನ ಪಟ್ಟಿ ತರಿಸಿಕೊಳ್ಳಿ. ಮೂರ್ತಿ, ಹೂವು, ಪೂಜೆ, ಪ್ರಸಾದ, ಶಾಮಿಯಾನ, ಮೈಕ್, ಇವು ಒಂದು ಗುಂಪು. ಈವೆಂಟ್‌ನವರು, ಡಿಜೆ, ಎಲ್‌ಇಡಿ ಪರದೆ, ಕೇಟರಿಂಗ್, ಎಲ್ಲರಿಗೂ ಹೆಸರು ಅಚ್ಚು ಹಾಕಿಸಿದ ಟೀ ಶರ್ಟ್, ಇವು ಇನ್ನೊಂದು ಗುಂಪು. ಸ್ಪಾನ್ಸರ್ ಬೇಕಾಗುವುದು ಎರಡನೇ ಗುಂಪಿಗೆ ಅಂತ ಪಟ್ಟಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಅದನ್ನು ಕೈಬಿಟ್ಟು ಮೊದಲ ಗುಂಪಿನ ಮೊತ್ತವನ್ನು ಮನೆಗಳಿಗೆ ಹಂಚಿ. ಇಷ್ಟೇ ಕೊಡಬೇಕು ಅಂತ ಮಾಡಬೇಡಿ, ಒಂದು ಡಬ್ಬಿ ಇಡಿ, ಯಾರು ಎಷ್ಟು ಹಾಕಿದರು ಅಂತ ಬೋರ್ಡ್ ಮೇಲೆ ಬರೆಯಬೇಡಿ. ಬಾಡಿಗೆ ಮನೆಯವರಿಗೆ ಇದು ದೊಡ್ಡ ಸಮಾಧಾನ.

ಊಟಕ್ಕೆ ಕೇಟರಿಂಗ್ ಬದಲು ಮನೆಗೊಂದು ಅಡುಗೆ. ಮೊದಲ ಮಹಡಿಯವರು ಕೋಸಂಬರಿ, ಪಲ್ಯ, ಎರಡನೆಯವರು ಚಿತ್ರಾನ್ನ, ಮೂರನೆಯವರು ಪಾಯಸ, ಹೀಗೆ ಹಂಚಿಬಿಡಿ. ಅನ್ನ ಸಾರು ಮಾತ್ರ ಕೆಳಗೆ ಎಲ್ಲರೂ ಸೇರಿ ದೊಡ್ಡ ಒಲೆಯಲ್ಲಿ ಮಾಡಿ. ತರಕಾರಿ ಹೆಚ್ಚುವುದಕ್ಕೆ ಹಿಂದಿನ ರಾತ್ರಿ ಎಲ್ಲರನ್ನೂ ಕರೆಯಿರಿ, ಗಂಡಸರನ್ನೂ. ನಿಜವಾದ ಪರಿಚಯ ಆಗುವುದು ಆ ರಾತ್ರಿಯೇ, ಯಾಕೆಂದರೆ ಕೈಯಲ್ಲಿ ಕೆಲಸ ಇದ್ದಾಗ ಹೊಸಬರ ಹತ್ತಿರ ಮಾತು ಸುಲಭವಾಗಿ ಬರುತ್ತದೆ, ಸುಮ್ಮನೆ ಎದುರುಬದುರು ಕೂರಿಸಿದರೆ ಇಬ್ಬರೂ ಫೋನ್ ತೆಗೆಯುತ್ತಾರೆ. ತಟ್ಟೆ ಲೋಟಕ್ಕೆ ಬೆಂಗಳೂರಿನಲ್ಲಿ ಅದಮ್ಯ ಚೇತನ ಅನ್ನುವ ಸೇವಾ ಸಂಸ್ಥೆಯ ಪ್ಲೇಟ್ ಬ್ಯಾಂಕ್ ಇದೆ, ಕಾರ್ಯಕ್ರಮಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡುತ್ತಾರೆ, ಬಳಸಿ ತೊಳೆದು ವಾಪಸ್ ಕೊಡಬೇಕು. ಬೇರೆ ಊರಿನವರು ದೇವಸ್ಥಾನದಲ್ಲೋ ಸಮುದಾಯ ಭವನದಲ್ಲೋ ವಿಚಾರಿಸಿ.

ಕಾವಲಿನವರು, ಮನೆಗೆಲಸದವರು, ಕಸ ತೆಗೆದುಕೊಂಡು ಹೋಗುವವರು, ಇವರ ಮನೆಯವರನ್ನೆಲ್ಲ ಕರೆಯಿರಿ. ಉಳಿದದ್ದನ್ನು ಪೊಟ್ಟಣ ಕಟ್ಟಿ ಕೊಡುವುದು ಬೇಡ. ಮೊದಲ ಪಂಕ್ತಿಯಲ್ಲಿ ಎಲ್ಲರ ಜೊತೆ ಕೂರಲಿ, ನೀವು ಬಡಿಸಿ.

ಮಕ್ಕಳಿಗೆ ಸ್ಪರ್ಧೆಯ ಬದಲು ಹಳೆಯ ಆಟವನ್ನೇ ವಾಪಸ್ ಕೊಡಿ. ಕೈಯಲ್ಲಿ ಅಕ್ಷತೆ ಹಿಡಿದುಕೊಂಡು, ಗುಂಪಾಗಿ, "ನಿಮ್ಮನೇಲಿ ಗಣೇಶ ಕೂರ್ಸಿದ್ದೀರಾ?" ಅಂತ ಮನೆಮನೆಗೆ ಕೇಳಿಕೊಂಡು ಹೋಗುವುದು. ಯಾವ ಮನೆಗೆ ಬರಬಹುದು ಅಂತ ಮೊದಲೇ ಕೇಳಿಟ್ಟುಕೊಂಡರೆ ಯಾರಿಗೂ ಮುಜುಗರ ಇಲ್ಲ.

ಸಭೆಯಲ್ಲಿ ಯಾರಾದರೂ "ಸ್ಪಾನ್ಸರ್ ಇಲ್ಲದೆ ಗ್ರ್ಯಾಂಡ್ ಆಗಲ್ಲ ಸಾರ್" ಅಂದೇ ಅನ್ನುತ್ತಾರೆ. ವಾದ ಮಾಡಬೇಡಿ. ಈ ವರ್ಷ ಒಂದೇ ದಿನ, ಒಂದೇ ಊಟ ಹೀಗೆ ಮಾಡೋಣ ಅನ್ನಿ.

ಹಳೆಯ ಕಾಲ ಬೇಕು ಅನ್ನುವ ಮೊದಲು

ಇಲ್ಲಿ ಸ್ವಲ್ಪ ನಿಲ್ಲಲೇಬೇಕು. ಮಾರುಕಟ್ಟೆ ಬರುವ ಮೊದಲು ಎಲ್ಲ ಚೆನ್ನಾಗಿತ್ತು, ಜನ ಒಬ್ಬರಿಗೊಬ್ಬರು ಆಗುತ್ತಿದ್ದರು ಅನ್ನುವುದು ಅರ್ಧ ಸತ್ಯ. ಎಷ್ಟೋ ಹಳ್ಳಿಗಳಲ್ಲಿ ದಲಿತರಿಗೆ ಹಬ್ಬದ ಊಟ ಸಿಗುತ್ತಿದ್ದದ್ದು ಹಿತ್ತಲ ಬಾಗಿಲಲ್ಲಿ. ಅವರ ಮನೆಯಿಂದ ಈ ಕಡೆಗೆ ಒಂದು ಲೋಟ ನೀರೂ ಬರುತ್ತಿರಲಿಲ್ಲ. ಗಂಡ ತೀರಿಕೊಂಡ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆಯುತ್ತಿರಲಿಲ್ಲ, ಈಗಲೂ ಬಹಳ ಮನೆಗಳಲ್ಲಿ ಕರೆಯುವುದಿಲ್ಲ. ಅಂಥವರಿಗೆ ಅಂಗಡಿ ಒಂದು ಬಿಡುಗಡೆಯೇ ಆಗಿತ್ತು, ದುಡ್ಡು ಕೊಟ್ಟರೆ ಜಾತಿ ಕೇಳದೆ ಸಾಮಾನು ಕೈಗೆ ಬರುತ್ತದೆ. ಇದನ್ನು ಮರೆತು ಬ್ರ್ಯಾಂಡ್ ಬಿಡಿ, ಸಂಬಂಧ ಬೆಳೆಸಿ ಅಂದರೆ ಅವರು ಯಾಕೆ ನಂಬಬೇಕು?

ಹಾಗಾಗಿ ಈ ಹೆಜ್ಜೆ ಬಿಡಬೇಡಿ. ಈ ಬಾರಿ ಕರೆಯುವವರ ಪಟ್ಟಿ ಬರೆಯಿರಿ. ನಿಮ್ಮ ಜಾತಿಯವರಲ್ಲದವರು, ನಿಮ್ಮ ಧರ್ಮದವರಲ್ಲದವರು, ಒಬ್ಬರೇ ಇರುವ ಹೆಂಗಸರು ಅದರಲ್ಲಿ ಎಷ್ಟು ಜನ ಇದ್ದಾರೆ ನೋಡಿ. ಯಾರೂ ಇಲ್ಲದಿದ್ದರೆ ಪಟ್ಟಿಯನ್ನು ಮತ್ತೆ ಬರೆಯಿರಿ. ಅದಕ್ಕಿಂತ ಮುಖ್ಯ, ಅವರು ಕರೆದಾಗ ನೀವು ಹೋಗಿ ಉಣ್ಣಿ. ನಾವು ಕೊಡುತ್ತೇವೆ, ಆದರೆ ನಿಮ್ಮ ಮನೆಯದ್ದು ತಗೊಳ್ಳುವುದಿಲ್ಲ ಅಂದರೆ ಅದು ಸ್ನೇಹ ಅಲ್ಲ.

ದಸರೆಯಲ್ಲಿ ಹೋಗಿ ಬರುವುದು

ಮೈಸೂರು ಕಡೆ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳು ಈಗಲೂ ಬೇಕಾದಷ್ಟಿವೆ. ಮಕ್ಕಳು ಗೊಂಬೆ ನೋಡಲು ಬರುತ್ತಾರೆ, ಗೊಂಬೆ ಬಾಗಿನ ಅಂತ ಕೊಬ್ಬರಿ ಮಿಠಾಯಿಯನ್ನೋ ಚಕ್ಕುಲಿಯನ್ನೋ ಕೈಗೆ ಹಾಕಿ ಕಳಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯ ಸಂಜೆ ಬನ್ನಿ ಎಲೆ ಹಿಡಿದು ಹಿರಿಯರ ಮನೆಗೆ, ಗೆಳೆಯರ ಮನೆಗೆ, ಒಂದು ವರ್ಷದಿಂದ ಮಾತು ಬಿಟ್ಟವರ ಮನೆಗೂ ಹೋಗುತ್ತಾರೆ. "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತ ಎಲೆ ಕೊಟ್ಟು, ಕಾಲು ಮುಟ್ಟಿ, ಅಪ್ಪಿಕೊಂಡು ಬರುತ್ತಾರೆ. ಆ ಎಲೆಯೇ ಬಂಗಾರ. ಖರ್ಚು ಏನೂ ಇಲ್ಲ, ಆದರೆ ಹೋಗಲೇಬೇಕು, ಕೊರಿಯರ್‌ನಲ್ಲಿ ಕಳಿಸಲಾಗುವುದಿಲ್ಲ. ನನ್ನನ್ನು ಕೇಳಿದರೆ ಇಡೀ ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪದ್ಧತಿ ನಮ್ಮಲ್ಲಿ ಇನ್ನೊಂದಿಲ್ಲ.

ಮಾಡಬೇಕಾದದ್ದು ಇಷ್ಟು. ಊರು ಯಾವುದೇ ಇರಲಿ, ದಶಮಿಯ ಸಂಜೆಗೆ ಮೂರು ಮನೆ ಆರಿಸಿ: ಒಬ್ಬ ಹಿರಿಯರದು, ನೆರೆಯವರದು, ಮತ್ತೆ ಮನಸ್ತಾಪ ಆಗಿರುವವರದು ಒಂದು. ಹಿಂದಿನ ದಿನ ಫೋನ್ ಮಾಡಿ ಹೇಳಿ. ಮಿಠಾಯಿ ಡಬ್ಬಿ ಬೇಡ. ಡಬ್ಬಿ ಹಿಡಿದು ಹೋದರೆ ಅವರೂ ಒಂದು ಡಬ್ಬಿ ಹುಡುಕಬೇಕು, ಆಫೀಸಿನಲ್ಲಿ ಕೊಟ್ಟ ಡ್ರೈ ಫ್ರೂಟ್ಸ್ ಪೆಟ್ಟಿಗೆ ಹೀಗೆಯೇ ಐದಾರು ಮನೆ ಸುತ್ತುತ್ತದೆ, ಯಾರೂ ಬಿಚ್ಚುವುದಿಲ್ಲ. ಮೂರನೇ ಮನೆಯಲ್ಲಿ ಹಳೆಯ ವಿಷಯ ಎತ್ತಬೇಡಿ. ಎಲೆ ಕೊಟ್ಟು, ನೀರು ಕುಡಿದು ಬನ್ನಿ, ಈ ವರ್ಷಕ್ಕೆ ಅಷ್ಟು ಸಾಕು.

ಕೊಳ್ಳಲೇಬೇಕಾದದ್ದು

ಕೊಳ್ಳುವುದೇ ಇಲ್ಲ ಅಂತ ಇರಲು ಆಗುವುದಿಲ್ಲ, ಹಾಗೆ ಇದ್ದರೆ ನೇಯುವವರು, ಮಾರುವವರು ಏನು ತಿನ್ನಬೇಕು? ನಾನು ಇಟ್ಟುಕೊಂಡಿರುವ ನಿಯಮ ಒಂದೇ: ಮತ್ತೆ ಮುಖ ನೋಡಬಹುದಾದವರ ಹತ್ತಿರ ಕೊಳ್ಳುವುದು. ಹೂವನ್ನು ಬೀದಿಯ ಮೂಲೆಯಲ್ಲಿ ಮೊಳ ಹಾಕಿ ಕೊಡುವ ಅಮ್ಮನ ಹತ್ತಿರ ತಗೊಳ್ಳಿ, ಅವರ ಹೆಸರು ಕೇಳಿ. ಮಾಲ್‌ನಲ್ಲಿ ಚೌಕಾಸಿ ಮಾಡದವರು ಇಲ್ಲಿಯೂ ಮಾಡಬೇಡಿ. ರವಿಕೆಗೆ ಗುಳೇದಗುಡ್ಡದ ಖಣ ತಗೊಂಡು ನಿಮ್ಮ ಓಣಿಯ ಟೈಲರ್ ಹತ್ತಿರ ಹೊಲಿಸಿ, ಹಬ್ಬಕ್ಕೆ ತಿಂಗಳ ಮೊದಲೇ ಕೊಟ್ಟರೆ ಅವರಿಗೂ ನಿದ್ದೆ ಕೆಡುವುದಿಲ್ಲ. ಮಕ್ಕಳಿಗೆ ಚನ್ನಪಟ್ಟಣದ ಗೊಂಬೆ. ಎದೆ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ ಇರುವ ಬಟ್ಟೆ ಬೇಡ, ಅವರ ಜಾಹೀರಾತನ್ನು ನಾವು ದುಡ್ಡು ಕೊಟ್ಟು ಹೊತ್ತುಕೊಂಡು ತಿರುಗಬೇಕಾಗಿಲ್ಲ.

ಹೊಸದು ತರುವ ಮೊದಲು ಹಳೆಯದನ್ನು ಬಿಚ್ಚಿ ನೋಡಿಸಿ. ಹಬ್ಬದ ಹೊತ್ತಿಗೇ ಮಿಕ್ಸಿ ನಿಲ್ಲುತ್ತದೆ, ಸೇಲ್ ಕಣ್ಣ ಮುಂದೆ ಇರುತ್ತದೆ. ಮೊದಲು ಮಿಕ್ಸಿಯ ಅಡಿ ನೋಡಿ, ಹೆಚ್ಚಿನವುಗಳಲ್ಲಿ ಒಂದು ಸಣ್ಣ ಓವರ್‌ಲೋಡ್ ಬಟನ್ ಇರುತ್ತದೆ, ಭಾರ ಜಾಸ್ತಿಯಾದರೆ ಹೊರಗೆ ಬರುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಮತ್ತೆ ತಿರುಗುತ್ತದೆ. ಮೋಟಾರ್ ಸದ್ದು ಬಂದು ಜಾರ್ ತಿರುಗದಿದ್ದರೆ ಕಪ್ಲರ್ ಸವೆದಿರಬಹುದು. ಕಿಡಿ ಕಂಡರೆ ಕಾರ್ಬನ್ ಬ್ರಷ್ ನೋಡಿಸಿ. ಇವೆಲ್ಲ ಓಣಿಯ ರಿಪೇರಿ ಅಂಗಡಿಯಲ್ಲಿ ಕೂತಲ್ಲೇ ಆಗುವ ಕೆಲಸ. ಆಮ್‌ಸ್ಟರ್‌ಡ್ಯಾಂನಲ್ಲಿ 2009ರಲ್ಲಿ ಶುರುವಾದ ರಿಪೇರ್ ಕೆಫೆ 2015ರಲ್ಲಿ ಬೆಂಗಳೂರಿಗೂ ಬಂತು. ಅಲ್ಲಿ ನಿಮ್ಮ ಸಾಮಾನನ್ನು ಬಿಟ್ಟು ಬರುವ ಹಾಗಿಲ್ಲ, ರಿಪೇರಿ ಗೊತ್ತಿರುವವರ ಪಕ್ಕ ಕೂತು ನೀವೂ ಕಲಿಯಬೇಕು. ನಿಮ್ಮ ಕಟ್ಟಡದಲ್ಲಿ ಕೆಲಸದಿಂದ ನಿವೃತ್ತರಾದ ಎಲೆಕ್ಟ್ರಿಷಿಯನ್ನೋ, ಹೊಲಿಗೆ ಬರುವ ಅಜ್ಜಿಯೋ ಇದ್ದರೆ ಒಂದು ಭಾನುವಾರ ಬೆಳಗ್ಗೆ ನೀವೇ ಹೀಗೆ ಮಾಡಬಹುದು, ಎರಡು ಮೇಜು, ಒಂದು ಎಕ್ಸ್‌ಟೆನ್ಶನ್ ಬೋರ್ಡ್, ಕಾಫಿ ಇದ್ದರೆ ಆಯಿತು.

ಮಕ್ಕಳ ವಿಷಯ

ಮಕ್ಕಳಿಗೆ ಉಪದೇಶ ಮಾಡಬೇಡಿ. ಅವರ ಗೆಳೆಯರ ಅಪ್ಪ ಅಮ್ಮನ ಹತ್ತಿರ ಮಾತಾಡಿ. ಹುಟ್ಟುಹಬ್ಬದ ರಿಟರ್ನ್ ಗಿಫ್ಟ್ ನಿಲ್ಲಿಸಬೇಕು ಅಂದರೆ ಒಂದು ಮನೆಯಿಂದ ಆಗುವುದಿಲ್ಲ, ನಿಮ್ಮ ಮಗು ಒಂದೇ ಮುಜುಗರಪಡುತ್ತದೆ. ನಾಲ್ಕು ಮನೆಯವರು ಒಪ್ಪಿದರೆ ಸಾಕು, ಉಳಿದವರಿಗೂ ಒಳಗೊಳಗೆ ಅದೇ ಬೇಕಾಗಿರುತ್ತದೆ.

ದೀಪಾವಳಿಗೆ

ಮಲೆನಾಡಿನಲ್ಲಿ ದೀಪಾವಳಿಗೆ ಅಂಟಿಗೆ ಪಂಟಿಗೆ ಅಂತ ತಂಡ ಕಟ್ಟಿಕೊಂಡು, ರಾತ್ರಿಯೆಲ್ಲ ಹಾಡುತ್ತಾ ಮನೆಮನೆಗೆ ದೀಪ ಒಯ್ಯುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಹಾಕಿ, ತಮ್ಮ ದೀಪವನ್ನು ಅದರಿಂದ ಹಚ್ಚಿಕೊಂಡು, ಅಕ್ಕಿ, ಕಾಸು, ತಿಂಡಿ ಕೊಟ್ಟು ಕಳಿಸುತ್ತಾರೆ. ನಗರದಲ್ಲಿ ಇದನ್ನು ಹಾಗೇ ನಕಲು ಮಾಡಲು ಹೋದರೆ ನಾಟಕ ಆಗುತ್ತದೆ. ಆದರೆ ಅಮಾವಾಸ್ಯೆಯ ಸಂಜೆ ಒಂದು ಗಂಟೆ ಮನೆಯ ಬಾಗಿಲು ತೆರೆದಿಟ್ಟು, ಎದುರು ಮನೆಯವರನ್ನು ಕರೆದು ಹಣತೆ ಹಚ್ಚಲು ಯಾರೂ ಬೇಡ ಅನ್ನುವುದಿಲ್ಲ. ಫಾರ್ವರ್ಡ್ ಆದ ಶುಭಾಶಯದ ಚಿತ್ರ ಯಾರಿಗೂ ಕಳಿಸಬೇಡಿ. ಅರ್ಧದಷ್ಟಕ್ಕೆ ಕೆಳಗೆ ಯಾವುದೋ ಕಂಪನಿಯ ಲೋಗೋ ಇರುತ್ತದೆ. ಅದರ ಬದಲು ಐದು ಜನಕ್ಕೆ ಫೋನ್ ಮಾಡಿ ಮಾತಾಡಿ.

ನೆಂಟರು "ಏನು, ಈ ಸಲ ಏನೂ ತಗೊಂಡಿಲ್ವಾ?" ಅಂತ ಕೇಳಿದರೆ ಸಮಜಾಯಿಷಿ ಕೊಡುವ ಅಗತ್ಯ ಇಲ್ಲ. "ಊಟಕ್ಕೆ ಬನ್ನಿ" ಅನ್ನಿ, ದಿನ ಹೇಳಿ ಕರೆಯಿರಿ.

ಪಿಜಿಯಲ್ಲಿ, ಬಾಡಿಗೆ ರೂಮಿನಲ್ಲಿ ಇರುವವರು ಇದೆಲ್ಲ ಸಂಸಾರಸ್ಥರಿಗೆ ಅಂದುಕೊಳ್ಳಬೇಡಿ. ಹಬ್ಬದ ದಿನ ಮೆಸ್ ಮುಚ್ಚಿರುತ್ತದೆ, ಊರಿಗೆ ಹೋಗಲಾಗದವರು ಪ್ರತಿ ಮಹಡಿಯಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಮುಂಚಿನ ದಿನ ಸಂಜೆ ಬಾಗಿಲು ತಟ್ಟಿ ಯಾರು ಯಾರು ಇದ್ದೀರಿ ಅಂತ ಕೇಳಿ. ಅಡುಗೆಮನೆ ಬಳಸಲು ಪಿಜಿ ಓನರ್ ಹತ್ತಿರ ಒಪ್ಪಿಗೆ ತಗೊಳ್ಳಿ. ಒಂದು ಕೆಜಿ ಅಕ್ಕಿ ಎಂಟು-ಹತ್ತು ಜನಕ್ಕೆ ಆಗುತ್ತದೆ. ನಿಂಬೆಹಣ್ಣು, ಕಡಲೆಬೀಜ, ಒಗ್ಗರಣೆ ಸಾಮಾನು ಒಬ್ಬೊಬ್ಬರು ಒಂದೊಂದು ತಂದರೆ ಚಿತ್ರಾನ್ನ ಆಯಿತು. ಊಟ ಆದ ಮೇಲೆ ನಂಬರ್ ಬರೆದುಕೊಳ್ಳಿ, ಮುಂದಿನ ವಾರ ಅವರಲ್ಲಿ ಒಬ್ಬರ ಹತ್ತಿರ ಇಸ್ತ್ರಿಪೆಟ್ಟಿಗೆ ಕೇಳಿ.